ಬೋರ್ಡ್ ಒಂದೇ ದಿನಕ್ಕೆ ಬದಲಾಗುತ್ತೆ, ಕಂಪ್ಯೂಟರ್ ಜಾಲ ಯಾಕೆ ಬದಲಾಗಲ್ಲ?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಹಾಗೆಯೇ ಉಳಿಸಿಕೊಂಡಿದ್ದೇವೆ.

ಕೊಪ್ಪಳದಿಂದ ಮಾತಾಡ್ತಿದ್ದೀನಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ 4 ತಾಲ್ಲೂಕುಗಳಲ್ಲಿ ಆಫೀಸು, ಗಿರಣಿ, ಅಡತಿ ಅಂಗಡಿಗಳಿಗೆ ನೆಟ್‌ವರ್ಕ್ ಹಾಕಿಕೊಡೋದು ನನ್ನ ಕೆಲಸ ಅಂತ ಹಳೆಯ ಕೇಳುಗರಿಗೆ ಗೊತ್ತು. ಯಲಬುರ್ಗಾ ಕಡೆಯ ಕೇಳುಗರೊಬ್ಬರು ಎರಡು ಪ್ರಶ್ನೆ ಕಳಿಸಿದ್ದಾರೆ. ಮೊದಲನೆಯದು: "ಸರ್, 2025ರ ಮೇ 1ಕ್ಕೆ ನಮ್ಮ ಗ್ರಾಮೀಣ ಬ್ಯಾಂಕು, ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕು ಎರಡೂ ಒಂದೇ ಆದ್ವು ಅಂತ ಪೇಪರ್‌ನ್ಯಾಗ ಬಂತು. ಬೋರ್ಡ್ ಒಂದು ದಿನದಾಗ ಬದಲಿ ಮಾಡ್ತಾರ. ಕಂಪ್ಯೂಟರ್ ಜೋಡಿಸಾಕ ಯಾಕ ಅಷ್ಟು ದಿನ ಬೇಕು? ಒಂದು ವೈರ್ ಎಳೆದ್ರ ಮುಗೀತಲ್ಲ?" ಎರಡನೆಯದು ಅವರದೇ ವ್ಯಾಪಾರದ್ದು. ಅವರ ಕುಟುಂಬದ ಅಂಗಡಿ ಯಲಬುರ್ಗಾದಲ್ಲಿದೆ, ಬೀಗರ ಅಂಗಡಿ ಗಂಗಾವತಿಯಲ್ಲಿದೆ, ಎರಡನ್ನೂ ಸೇರಿಸಿ ಒಂದು ಕಂಪನಿ ಮಾಡ್ತಿದ್ದಾರೆ. ಅದಕ್ಕೆ ಕೊನೆಗೆ ಬರ್ತೀನಿ.

"ಒಂದು ವೈರ್ ಎಳೆದ್ರ ಮುಗೀತಲ್ಲ" ಅನ್ನೋದು ಒಳ್ಳೆ ಪ್ರಶ್ನೆ. ಇಂಜಿನಿಯರ್‌ಗಳೂ ಮೊದಲು ಹಾಗೇ ಅಂದುಕೊಳ್ತಾರೆ.

ಮೊದಲು ಬ್ಯಾಂಕಿನ ವಿಷಯ. ನಮ್ಮ ಜಿಲ್ಲೆಯ ಜನರಷ್ಟು ವಿಲೀನ ನೋಡಿದವರು ಕಡಿಮೆ. 1970ರ ದಶಕದಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಶುರುವಾಯ್ತು. ಆಗ ನಾವಿನ್ನೂ ರಾಯಚೂರು ಜಿಲ್ಲೆ, ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. 2005ರಲ್ಲಿ ತುಂಗಭದ್ರಾ, ಚಿತ್ರದುರ್ಗ, ಕೋಲಾರ, ಸಹ್ಯಾದ್ರಿ ನಾಲ್ಕೂ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕ್. 2013ರಲ್ಲಿ ಕಲಬುರಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕ್ ಸೇರಿ ಪ್ರಗತಿ ಕೃಷ್ಣಾ. 2019ರಲ್ಲಿ ಮೈಸೂರಿನ ಕಾವೇರಿ ಗ್ರಾಮೀಣ ಬ್ಯಾಂಕ್ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್. 2025ರಲ್ಲಿ ಧಾರವಾಡದ ವಿಕಾಸ ಬ್ಯಾಂಕೂ ಸೇರಿ ಮತ್ತೆ ಕರ್ನಾಟಕ ಗ್ರಾಮೀಣ ಬ್ಯಾಂಕ್. ಕನ್ನಡದಲ್ಲಿ ಹೆಸರು ಬದಲಾದದ್ದೇ ಗೊತ್ತಾಗಲ್ಲ ನೋಡಿ. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಮಾತ್ರ "ಗ್ರಾಮಿನ್" ಹೋಗಿ "ಗ್ರಾಮೀಣ" ಬಂತು. ಆ ಮೇ 1ರಂದು ದೇಶದಾದ್ಯಂತ ಒಂದು ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಅನ್ನೋ ಲೆಕ್ಕದಲ್ಲಿ 43 ಇದ್ದದ್ದು 28ಕ್ಕೆ ಇಳೀತು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಗ್ರಾಮೀಣ ಬ್ಯಾಂಕುಗಳಿಗೆ ಒಂದೊಂದು ಪ್ರಾಯೋಜಕ ಬ್ಯಾಂಕ್ ಇರುತ್ತೆ, ತಂತ್ರಜ್ಞಾನಕ್ಕೂ ಸಾಮಾನ್ಯವಾಗಿ ಅದರದ್ದೇ ಆಸರೆ. ಪ್ರಗತಿಗೆ ಕೆನರಾ ಬ್ಯಾಂಕ್. ಕೃಷ್ಣಾಗೆ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ. ಕಾವೇರಿಗೆ ಮೊದಲು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಆಮೇಲೆ ಎಸ್‌ಬಿಐ. ವಿಕಾಸಕ್ಕೆ ಸಿಂಡಿಕೇಟ್, ಅದು ಕೆನರಾದಲ್ಲಿ ಸೇರಿದ ಮೇಲೆ ಕೆನರಾ. ಅಂದ್ರೆ 2013ರಿಂದ ಈಚೆಗಿನ ವಿಲೀನಗಳಲ್ಲಿ ಬೇರೆ ಬೇರೆ ಮನೆಯಲ್ಲಿ ಬೆಳೆದ ಜಾಲಗಳನ್ನ ಒಂದೇ ಸೂರಿನಡಿ ತರಬೇಕಾಯ್ತು. ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ಕಡೆಯವರಿಗೆ ಇಳಕಲ್ ಹತ್ತಿರ, ಆದ್ರೆ ಇಳಕಲ್ ಬಾಗಲಕೋಟೆ ಜಿಲ್ಲೆ. ಅಲ್ಲಿ ವಿಕಾಸ ಬ್ಯಾಂಕು, ಇಲ್ಲಿ ನಮ್ಮ ಬ್ಯಾಂಕು. ಸಂತೆಗೆ ಹೋಗಿಬರುವ ದೂರದಲ್ಲಿ ಎರಡು ಪೂರ್ತಿ ಬೇರೆ ಜಾಲ.

ಇದೆಲ್ಲ ಬರೀ ಇಂಜಿನಿಯರ್‌ಗಳ ತಲೆನೋವಾಗಿದ್ರೆ ಒಂದು ಸಂಚಿಕೆ ಮಾಡ್ತಿರ್ಲಿಲ್ಲ. ವೃದ್ಧಾಪ್ಯ ವೇತನ, ನರೇಗಾ ಕೂಲಿ, ಬೆಳೆ ಸಾಲ, ಗೃಹಲಕ್ಷ್ಮಿಯ 2,000 ರೂಪಾಯಿ ಎಲ್ಲ ಈ ತಂತಿಗಳ ಮೂಲಕವೇ ಬರೋದು. "ಸರ್ವರ್ ಡೌನ್ ಐತಿ, ನಾಳೆ ಬರ್ರಿ" ಅಂದ್ರೆ, ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಅಜ್ಜಿಗೆ ಬಸ್ ಚಾರ್ಜಿಗಿಂತ ಆ ದಿನದ ಕೂಲಿ ಹೋಗೋದೇ ದೊಡ್ಡದು. ಎಷ್ಟೋ ಸಲ ಸರ್ವರ್ ಚೆನ್ನಾಗಿಯೇ ಇರುತ್ತೆ, ಅಲ್ಲಿಗೆ ಹೋಗುವ ದಾರಿ ಮಾತ್ರ ಕೆಟ್ಟಿರುತ್ತೆ.

ಒಂದೇ ಮನೆ ನಂಬರ್, ಎರಡು ಊರು

ಈಗ ವೈರ್ ಯಾಕೆ ಸಾಲಲ್ಲ ನೋಡೋಣ. ಪ್ರತಿ ಆಫೀಸಿನಲ್ಲೂ ಕಂಪ್ಯೂಟರ್, ಪ್ರಿಂಟರ್, ಹಾಜರಿ ಹಾಕುವ ಬೆರಳಚ್ಚು ಯಂತ್ರ, ಸಿಸಿಟಿವಿ ಡಬ್ಬ ಇವೆಲ್ಲಕ್ಕೂ ಒಂದೊಂದು ಐಪಿ ವಿಳಾಸ ಇರುತ್ತೆ. ಮನೆ ನಂಬರ್ ಇದ್ದ ಹಾಗೆ. ಇಂಟರ್ನೆಟ್ಟಿನ ಸಾರ್ವಜನಿಕ ವಿಳಾಸಗಳು ಎಲ್ಲ ಯಂತ್ರಕ್ಕೂ ಸಾಲಲ್ಲ ಅಂತ 1990ರ ದಶಕದಲ್ಲೇ ಗೊತ್ತಾಯ್ತು. ಹಾಗಾಗಿ 1996ರಲ್ಲಿ ಒಂದು ನಿಯಮ ಗಟ್ಟಿಯಾಯ್ತು. ಆಫೀಸಿನ ಒಳಗೆ ಯಾರು ಬೇಕಾದ್ರೂ ಬಳಸಿಕೊಳ್ಳಿ, ಹೊರಗೆ ಮಾತ್ರ ತೋರಿಸಬೇಡಿ ಅಂತ 3 ಗುಂಪು ವಿಳಾಸಗಳನ್ನ ಬಿಟ್ಟುಕೊಟ್ರು. 10ರಿಂದ ಶುರುವಾಗೋದು ಒಂದು, ಅದರಲ್ಲಿ 1 ಕೋಟಿ 67 ಲಕ್ಷ ವಿಳಾಸ. 172.16ರಿಂದ 172.31ರವರೆಗೆ ಇನ್ನೊಂದು, 10 ಲಕ್ಷ ಚಿಲ್ಲರೆ. 192.168ರಿಂದ ಶುರುವಾಗೋದು ಮೂರನೆಯದು, 65,536.

ಈಗ ನೀವು ಅಂಗಡಿಯಿಂದ ಒಂದು ರೌಟರ್ ತಂದು ಹಚ್ಚಿ ನೋಡಿ. ಅದು ಬಹುತೇಕ 192.168.1 ಅಥವಾ 192.168.0 ಅಂತಲೇ ಶುರುವಾಗುತ್ತೆ. ಗಂಗಾವತಿಯಲ್ಲಿ ಹಚ್ಚಿದ್ರೂ ಅದೇ, ಯಲಬುರ್ಗಾದಲ್ಲಿ ಹಚ್ಚಿದ್ರೂ ಅದೇ. ಯಾರೂ ಬದಲಾಯಿಸಲ್ಲ, ಬದಲಾಯಿಸುವ ಅಗತ್ಯವೂ ಇರ್ಲಿಲ್ಲ. ಎರಡು ಆಫೀಸು ಒಂದಕ್ಕೊಂದು ಸಂಬಂಧವೇ ಇಲ್ಲದೆ ಇರುವಾಗ ಎರಡು ಊರಲ್ಲೂ 50ನೇ ನಂಬರಿನ ಮನೆ ಇದ್ರೆ ಯಾರಿಗೇನು ತೊಂದರೆ? ಒಂದೇ ಪೋಸ್ಟ್‌ಮ್ಯಾನ್ ಎರಡು ಊರಿಗೂ ಕಾಗದ ಹಂಚಬೇಕಾದಾಗ, ಕಾಗದದ ಮೇಲೆ ಊರ ಹೆಸರೇ ಇಲ್ಲದಿದ್ದಾಗ ತೊಂದರೆ ಶುರು.

ಒಂದು ಉದಾಹರಣೆ ಇಟ್ಕೊಳ್ಳಿ. ಗಂಗಾವತಿ ಆಫೀಸಿನಲ್ಲಿ 192.168.1.50 ಅಂದ್ರೆ ಲೆಕ್ಕದ ಸರ್ವರ್. ಯಲಬುರ್ಗಾ ಆಫೀಸಿನಲ್ಲಿ ಅದೇ ನಂಬರ್ ಪ್ರಿಂಟರ್‌ದು. ಯಲಬುರ್ಗಾದ ಹುಡುಗ ಗಂಗಾವತಿ ಲೆಕ್ಕ ನೋಡೋಕೆ 50ನೇ ನಂಬರಿಗೆ ಹೋಗ್ತಾನೆ. ಅವನ ಕಂಪ್ಯೂಟರ್ ಮೊದಲು ಒಂದು ಲೆಕ್ಕ ಹಾಕುತ್ತೆ: ಈ ವಿಳಾಸ ನನ್ನ ಓಣಿದೋ, ಬೇರೆ ಊರಿದೋ? ಮೊದಲ ಮೂರು ಭಾಗ ತನ್ನದರ ಹಾಗೇ ಇದೆ, ಹಾಗಾದ್ರೆ ನನ್ನ ಓಣಿದೇ. ತಕ್ಷಣ ಓಣಿಯಲ್ಲಿ ನಿಂತು ಕೂಗುತ್ತೆ, "50ನೇ ನಂಬರ್ ಯಾರ್ರೀ?" ಪಕ್ಕದ ಟೇಬಲ್ಲಿನ ಪ್ರಿಂಟರ್ "ನಾನೇ" ಅನ್ನುತ್ತೆ. ಲೆಕ್ಕ ಕೇಳಿದ ಸಂದೇಶ ಪ್ರಿಂಟರ್‌ಗೆ ಹೋಗಿ ಬೀಳುತ್ತೆ. ಗಂಗಾವತಿವರೆಗೆ ನೀವು ಎಳೆದ ವೈರ್ ಇದೆಯಲ್ಲ, ಅದರ ಬಾಗಿಲಿಗೂ ಅದು ಹೋಗಿಲ್ಲ. ವೈರ್ ಎಷ್ಟು ದುಬಾರಿದಾದ್ರೂ, ಎಷ್ಟು ವೇಗದ್ದಾದ್ರೂ ಫಲ ಅಷ್ಟೇ. ವೈರ್ ಹತ್ತಿರ ಬರಬೇಕು ಅಂತ ಕಂಪ್ಯೂಟರ್‌ಗೆ ಅನ್ನಿಸಲೇ ಇಲ್ಲ.

ಇದೇ ಸಮಸ್ಯೆ ನಿಮ್ಮ ಪಾಸ್‌ಬುಕ್ಕಿನಲ್ಲೂ ಬಂದಿತ್ತು

ಇದು ನನಗೆ ಬಹಳ ಇಷ್ಟವಾದ ಭಾಗ. ಪಾಸ್‌ಬುಕ್ಕಿನಲ್ಲಿ ಐಎಫ್‌ಎಸ್‌ಸಿ ಅಂತ 11 ಅಕ್ಷರದ ಒಂದು ಕೋಡ್ ಇರುತ್ತೆ. ಮೊದಲ 4 ಅಕ್ಷರ ಬ್ಯಾಂಕಿನ ಹೆಸರು, ಐದನೆಯದು ಸೊನ್ನೆ, ಕೊನೆಯ 6 ಶಾಖೆಯ ಗುರುತು. ಬ್ಯಾಂಕ್ ಊರಾದ್ರೆ ಶಾಖೆ ಮನೆ ನಂಬರ್.

ನಮ್ಮದು ಹಿಂದಿನ ಹೈದರಾಬಾದ್ ಕರ್ನಾಟಕ. 1941ರಲ್ಲಿ ನಿಜಾಮರ ಕಾಲದಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಅಂತ ಶುರುವಾದದ್ದೇ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯ್ತು. ಹಿರಿಯರು ಈಗಲೂ "ಎಸ್‌ಬಿಎಚ್‌ಗೆ ಹೋಗಿ ಬರ್ತೀನಿ" ಅಂತಾರೆ. 2017ರ ಏಪ್ರಿಲ್ 1ಕ್ಕೆ ಅದು ಇತರ ಸಹವರ್ತಿ ಬ್ಯಾಂಕುಗಳ ಜೊತೆ ಎಸ್‌ಬಿಐನಲ್ಲಿ ಸೇರಿತು. ಆಗ ಹೈದರಾಬಾದ್ ಬ್ಯಾಂಕಿನ ಶಾಖೆಗಳಿಗೆ ಕೋಡ್‌ನ ಮೊದಲ 4 ಅಕ್ಷರ ಎಸ್‌ಬಿಎಚ್‌ವೈ ಹೋಗಿ ಎಸ್‌ಬಿಐಎನ್ ಬಂತು. ಶಾಖೆಯ ನಂಬರ್ ಬಹುತೇಕ ಹಾಗೇ ಉಳೀತು. ಹೇಗೆ? ಹೈದರಾಬಾದ್ ಬ್ಯಾಂಕಿನ ಶಾಖೆಗಳಿಗೆ 20 ಸಾವಿರದ ಸಾಲು, ಮೈಸೂರು ಬ್ಯಾಂಕಿಗೆ 40 ಸಾವಿರದ ಸಾಲು ಅಂತ ಗುಂಪಿನೊಳಗೆ ಮೊದಲೇ ಬೇರೆ ಬೇರೆ ಸಾಲು ಇಟ್ಟಿದ್ರು. ಒಂದಾದಾಗ ನಂಬರ್‌ಗಳು ಡಿಕ್ಕಿ ಹೊಡೀಲಿಲ್ಲ.

2020ರ ಏಪ್ರಿಲ್ 1ಕ್ಕೆ ಕೆನರಾ ಮತ್ತು ಸಿಂಡಿಕೇಟ್ ಒಂದಾದಾಗ ಕಥೆ ಬೇರೆ. ಇವೆರಡೂ ಬೇರೆ ಬೇರೆ ಮನೆತನ, ಎರಡಕ್ಕೂ ಅವರವರದೇ ಶಾಖೆ ನಂಬರ್. ಕೆನರಾದ 1234ನೇ ಶಾಖೆಯೂ ಇರಬಹುದು, ಸಿಂಡಿಕೇಟಿನ 1234ನೇ ಶಾಖೆಯೂ ಇರಬಹುದು. ಮುಂದಿನ 4 ಅಕ್ಷರ ಮಾತ್ರ ಬದಲಾಯಿಸಿದ್ರೆ ಒಂದೇ ಕೋಡ್ ಎರಡು ಊರಿಗೆ. ಅದಕ್ಕೆ ಅವರು ಏನು ಮಾಡಿದ್ರು? ಸಿಂಡಿಕೇಟಿನ ಎಲ್ಲ ಶಾಖೆ ನಂಬರಿಗೂ 10,000 ಕೂಡಿಸಿದ್ರು. 1234 ಇದ್ದದ್ದು 11234 ಆಯ್ತು. ಹಳೆಯ ಕೋಡ್ 2021ರ ಜೂನ್ 30ರವರೆಗೆ ನಡೀತು, ಜುಲೈ 1ರಿಂದ ನಿಂತಿತು. ಅಂದ್ರೆ ವಿಲೀನ ಆದ ಮೇಲೆ 15 ತಿಂಗಳು ಹಳೆ ವಿಳಾಸಕ್ಕೂ ಹಣ ಬರುವ ಹಾಗೆ ಇಟ್ಟಿದ್ರು. ಈ ಎರಡೂ ಬ್ಯಾಂಕುಗಳ ಒಳಗಿನ ತಂತ್ರಾಂಶ ಒಂದೇ ಕಂಪನಿಯದು, ಅದೂ ಇವೆರಡನ್ನ ಜೋಡಿಸೋಕೆ ಒಂದು ಕಾರಣ ಅಂತ 2019ರಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ವಿಲೀನ ಘೋಷಿಸಿದಾಗಲೇ ಹೇಳಿದ್ರು. ಅಷ್ಟು ಅನುಕೂಲ ಇದ್ದೂ 15 ತಿಂಗಳು.

ಆಫೀಸ್ ನೆಟ್‌ವರ್ಕಿಗೂ ಇರೋದು ಇವೇ ದಾರಿ. ಮೊದಲೇ ಬೇರೆ ಸಾಲು ಇಟ್ಟುಕೊಂಡಿರಬೇಕು, ಇಲ್ಲ ಒಂದು ಕಡೆಯ ನಂಬರ್ ಪೂರ್ತಿ ಬದಲಿಸಬೇಕು. ಮೂರನೆಯದೂ ಒಂದಿದೆ. ಬಾಗಿಲಲ್ಲಿ ಒಬ್ಬ ದುಭಾಷಿಯನ್ನ ಕೂರಿಸೋದು. ನಮ್ಮ ಭಾಷೆಯಲ್ಲಿ ಅದಕ್ಕೆ ನ್ಯಾಟ್ ಅಂತೀವಿ. ಗಂಗಾವತಿಯ 192.168.1.50 ಯಲಬುರ್ಗಾದವರಿಗೆ 10.2.1.50 ಅಂತ ಕಾಣುತ್ತೆ, ಬಾಗಿಲಲ್ಲಿ ರೌಟರ್ ಹೆಸರು ಬದಲಿಸಿ ಒಳಗೆ ಕಳಿಸುತ್ತೆ. ಒಂದೇ ರಾತ್ರಿಯಲ್ಲಿ ಕೆಲಸ ಆಗುತ್ತೆ, ಯಾವ ಯಂತ್ರವನ್ನೂ ಮುಟ್ಟಬೇಕಾಗಿಲ್ಲ. ಮಾಲೀಕರಿಗೆ ಇದು ಬಹಳ ಹಿಡಿಸುತ್ತೆ.

ನನಗೆ ಅಷ್ಟು ಹಿಡಿಸಲ್ಲ. ಕಾಲು ಮುರಿದಾಗ ಊರುಗೋಲು ಬೇಕೇ ಬೇಕು, ಆದ್ರೆ ವರ್ಷಗಟ್ಟಲೆ ಅದರ ಮೇಲೇ ನಡೆದ್ರೆ ಹೇಗೆ? ಕೆಲವು ತಂತ್ರಾಂಶಗಳು ತಮ್ಮ ವಿಳಾಸವನ್ನ ಸಂದೇಶದ ಒಳಗೇ ಬರೆದು ಕಳಿಸ್ತವೆ, ದುಭಾಷಿ ಲಕೋಟೆಯ ಮೇಲಿನದ್ದನ್ನ ಮಾತ್ರ ತಿದ್ದುತ್ತಾನೆ, ಒಳಗಿನ ಕಾಗದದಲ್ಲಿ ಹಳೆಯದೇ ಇರುತ್ತೆ. ಒಂದೇ ಯಂತ್ರಕ್ಕೆ ಎರಡು ಹೆಸರಾಗೋದ್ರಿಂದ, ಆರು ತಿಂಗಳಾದ ಮೇಲೆ ಏನಾದ್ರೂ ಕೆಟ್ರೆ ಹುಡುಕುವವನಿಗೆ ತಲೆ ಕೆಡುತ್ತೆ. ಹಾಗಾಗಿ ದುಭಾಷಿಯನ್ನ 3 ತಿಂಗಳಿಗೆ ಅಂತ ಕೂರಿಸಿ, ಅಷ್ಟರಲ್ಲಿ ನಂಬರ್ ಬದಲಿಸಿ ಮುಗಿಸಿ ಅಂತ ನಾನು ಹೇಳ್ತೀನಿ.

ನಂಬರ್ ಬದಲಿಸೋದು ಕಷ್ಟವೇನಲ್ಲ, ಬೇಸರದ ಕೆಲಸ. ಮೇಜಿನ ಮೇಲಿನ ಕಂಪ್ಯೂಟರ್‌ಗಳು ಬಹುತೇಕ ಬೆಳಗ್ಗೆ ಆನ್ ಆದಾಗ ರೌಟರ್ ಅಥವಾ ಸರ್ವರ್ ಹತ್ತಿರ ನಂಬರ್ ಕೇಳಿ ಪಡೀತವೆ. ಆ ನಂಬರ್ ಇಂತಿಷ್ಟು ಹೊತ್ತಿಗೆ ಅಂತ ಬಾಡಿಗೆಗೆ ಸಿಕ್ಕಿರುತ್ತೆ. ಬದಲಾವಣೆಗೆ ಒಂದು ವಾರ ಮುಂಚೆ ಬಾಡಿಗೆ ಅವಧಿಯನ್ನ ಕೆಲವು ದಿನಗಳಿಂದ ಒಂದು ಗಂಟೆಗೆ ಇಳಿಸಿಬಿಟ್ರೆ, ಆ ದಿನ ಒಂದೇ ಗಂಟೆಯಲ್ಲಿ ಎಲ್ಲವೂ ತಾವಾಗಿ ಹೊಸ ನಂಬರಿಗೆ ಬರ್ತವೆ. ಗೋಳಾಡಿಸೋದು ಕೈಯಿಂದ ನಂಬರ್ ಬರೆದಿಟ್ಟ ಯಂತ್ರಗಳು. ಪ್ರಿಂಟರ್, ಹಾಜರಿ ಯಂತ್ರ, ಸಿಸಿಟಿವಿ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ವೇಬ್ರಿಡ್ಜ್ ಕಂಪ್ಯೂಟರ್ ಅಂತ ಒಂದಿರುತ್ತೆ, ಭತ್ತದ ಲಾರಿ ತೂಕ ಮಾಡೋದು. ಗೇಟಿನ ಹತ್ತಿರ ಸಣ್ಣ ಕೋಣೆ, ಹೊಟ್ಟಿನ ಧೂಳು, ಹಳೇ ವಿಂಡೋಸ್. ಯಾರು ಸೆಟ್ ಮಾಡಿದ್ರು, ಪಾಸ್‌ವರ್ಡ್ ಏನು, ಯಾರಿಗೂ ನೆನಪಿರಲ್ಲ. ಅದು ಒಂದು ದಿನ ನಿಂತ್ರೆ ಹೊರಗೆ ಲಾರಿ ಸಾಲು. ಬೆಳಗ್ಗೆ 10ಕ್ಕೆ ಆಫೀಸ್ ಕಂಪ್ಯೂಟರ್ ಎಲ್ಲ ಚೆಂದ ನಡೀತಿದ್ರೂ, ಆ ಒಂದು ಯಂತ್ರ ಮರೆತಿದ್ರೆ ವಿಲೀನ ಕೆಟ್ಟಿದೆ ಅಂತಲೇ ಲೆಕ್ಕ.

50 ಕಿಲೋಮೀಟರ್ ಎಷ್ಟು ದೂರ?

ಈಗ ವೈರ್ ವಿಷಯ. ಕೊಪ್ಪಳದಿಂದ ಗಂಗಾವತಿಗೆ 50 ಕಿಲೋಮೀಟರ್ ಅಂತ ಇಟ್ಕೊಳ್ಳೋಣ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಹೋಗಿ ಬರೋದು 100 ಕಿಲೋಮೀಟರ್, ಅಂದ್ರೆ ಸೆಕೆಂಡಿನ ಸಾವಿರದಲ್ಲಿ ಅರ್ಧ ಭಾಗ. ಆದ್ರೆ ನೀವು ಎರಡೂ ಕಡೆ ಬ್ರಾಡ್‌ಬ್ಯಾಂಡ್ ಹಾಕಿಸಿ, ಮಧ್ಯೆ ಗುಟ್ಟಿನ ಸುರಂಗ ಕೊರೆದ್ರೆ, ಅದನ್ನೇ ವಿಪಿಎನ್ ಅನ್ನೋದು, ಸಂದೇಶ ಮುನಿರಾಬಾದ್ ಮೇಲೆ ನೇರ ಹೋಗುತ್ತೆ ಅಂತ ಏನೂ ಇಲ್ಲ. ಎರಡು ಬೇರೆ ಕಂಪನಿಯ ಬ್ರಾಡ್‌ಬ್ಯಾಂಡ್ ಆದ್ರೆ ಅವೆರಡೂ ಕೈ ಕುಲುಕೋದು ಬೆಂಗಳೂರಿನಲ್ಲೋ ಇನ್ಯಾವುದೋ ದೊಡ್ಡ ಊರಿನಲ್ಲೋ. ಬೆಂಗಳೂರು ಸುಮಾರು 350 ಕಿಲೋಮೀಟರ್. ಅಲ್ಲಿಗೆ ಹೋಗಿ ಗಂಗಾವತಿಗೆ ಬಂದು, ಅದೇ ದಾರಿಯಲ್ಲಿ ವಾಪಸ್ ಅಂದ್ರೆ 1,400 ಕಿಲೋಮೀಟರ್. ಬೆಳಕಿನ ಓಟಕ್ಕೇ 7 ಮಿಲಿಸೆಕೆಂಡ್. ನಡುವಿನ ಯಂತ್ರಗಳು ನಿಲ್ಲಿಸಿ ನಿಲ್ಲಿಸಿ ಕಳಿಸೋದ್ರಿಂದ ವಾಸ್ತವದಲ್ಲಿ 20, 30 ಆಗೋದು ಸಾಮಾನ್ಯ.

ಹಳ್ಳಿ ಶಾಖೆಗಳ ಮಾಳಿಗೆ ಮೇಲೆ ದೊಡ್ಡ ಬುಟ್ಟಿಯಂಥ ಡಿಶ್ ನೋಡಿರ್ತೀರಿ. ಅದು ವಿ-ಸ್ಯಾಟ್, ಉಪಗ್ರಹದ ದಾರಿ. ಉಪಗ್ರಹ ಇರೋದು ಸುಮಾರು 36 ಸಾವಿರ ಕಿಲೋಮೀಟರ್ ಮೇಲೆ. ಪ್ರಶ್ನೆ ಮೇಲೆ ಹೋಗಿ ಕೆಳಗೆ ಬಂದು, ಉತ್ತರ ಮೇಲೆ ಹೋಗಿ ಕೆಳಗೆ ಬರೋದಕ್ಕೆ ಹತ್ತಿರ ಹತ್ತಿರ ಅರ್ಧ ಸೆಕೆಂಡ್. ಇದನ್ನ ಯಾವ ಕಂಪನಿಯೂ ಕಡಿಮೆ ಮಾಡೋಕಾಗಲ್ಲ, ಬೆಳಕಿನ ವೇಗವೇ ಅಷ್ಟು.

ಅರ್ಧ ಸೆಕೆಂಡ್ ತಾನೇ ಅನ್ನಬೇಡಿ. ಕೆಲವು ತಂತ್ರಾಂಶಗಳು ಬಹಳ ಮಾತುಗಾರ ಸ್ವಭಾವದವು. ಒಂದು ಪುಟ ತೆರೆಯೋಕೆ ಸರ್ವರ್ ಜೊತೆ 200 ಸಲ ಮಾತಾಡ್ತವೆ. ಒಂದೇ ಕೋಣೆಯಲ್ಲಿದ್ದಾಗ ಗೊತ್ತಾಗಲ್ಲ. 30 ಮಿಲಿಸೆಕೆಂಡ್ ದಾರಿಯಲ್ಲಿ 6 ಸೆಕೆಂಡ್. ಉಪಗ್ರಹದ ದಾರಿಯಲ್ಲಿ ಒಂದೂವರೆ ನಿಮಿಷ. ನಮ್ಮ ಕಡೆ ಎಲ್ಲರೂ ಲೆಕ್ಕಕ್ಕೆ ಬಳಸುವ ಟ್ಯಾಲಿಯಂಥ ತಂತ್ರಾಂಶದ ಡೇಟಾ ಫೋಲ್ಡರ್ ಗಂಗಾವತಿಯಲ್ಲಿಟ್ಟು ಯಲಬುರ್ಗಾದಿಂದ ನೇರ ತೆರೆದ್ರೆ ಆಗೋದೇ ಇದು. "ನೆಟ್ ಸ್ಪೀಡ್ ಹೆಚ್ಚಿಸ್ರಿ" ಅಂತ 50 ಎಂಬಿಯಿಂದ 200 ಎಂಬಿಗೆ ಹೋಗ್ತಾರೆ, ಏನೂ ವ್ಯತ್ಯಾಸ ಆಗಲ್ಲ. ರಸ್ತೆ ಅಗಲ ಮಾಡಿದ್ರೆ ಊರು ಹತ್ತಿರ ಬರುತ್ತಾ? ಇಲ್ಲಿ ಮಾಡಬೇಕಾದ್ದು, ಲೆಕ್ಕದ ತಂತ್ರಾಂಶವನ್ನ ಗಂಗಾವತಿ ಸರ್ವರಿನಲ್ಲೇ ಓಡಿಸಿ, ಯಲಬುರ್ಗಾದವರಿಗೆ ಅದರ ಪರದೆ ಮಾತ್ರ ಕಾಣುವ ಹಾಗೆ ಮಾಡೋದು. ಆ 200 ಮಾತು ಅಲ್ಲೇ ಮುಗೀತವೆ, ದಾರಿಯಲ್ಲಿ ಬರೋದು ಚಿತ್ರ ಅಷ್ಟೇ.

ಇನ್ನೊಂದು ವಿಚಿತ್ರ ಕಾಯಿಲೆ ಇದೆ. ಸುರಂಗ ಹಾಕಿದ ಮೇಲೆ ಪರೀಕ್ಷೆಯಲ್ಲಿ ಎಲ್ಲ ಸರಿ ಇರುತ್ತೆ, ಸಣ್ಣ ಸಂದೇಶ ಹೋಗಿ ಬರ್ತವೆ, ಲಾಗಿನ್ ಆಗುತ್ತೆ. ದೊಡ್ಡ ಫೈಲ್ ಕಳಿಸಿದ್ರೆ ಮಾತ್ರ ನಿಂತುಬಿಡುತ್ತೆ. ಕಾರಣ ಏನು ಗೊತ್ತಾ? ನೆಟ್‌ವರ್ಕಿನಲ್ಲಿ ಒಂದು ಪೊಟ್ಟಣಕ್ಕೆ ಸಾಮಾನ್ಯವಾಗಿ 1,500 ಬೈಟ್ ಮಿತಿ. ಸುರಂಗ ಪ್ರತಿ ಪೊಟ್ಟಣಕ್ಕೂ ತನ್ನದೊಂದು ಗುಟ್ಟಿನ ಹೊದಿಕೆ ಹಾಕುತ್ತೆ. ಮೊದಲೇ ತುಂಬಿದ ಚೀಲಕ್ಕೆ ಇನ್ನೊಂದು ಚೀಲ ಹಾಕಿದ ಹಾಗೆ, ಬಾಗಿಲಲ್ಲಿ ಹಿಡಿಯಲ್ಲ. ಎರಡೂ ಕಡೆ ಪೊಟ್ಟಣದ ಅಳತೆಯನ್ನ ಸುಮಾರು 1,400ಕ್ಕೆ ಇಳಿಸಿದ್ರೆ ಸರಿ ಹೋಗುತ್ತೆ. ಇಷ್ಟು ಸಣ್ಣ ವಿಷಯಕ್ಕೆ ದಿನಗಟ್ಟಲೆ ಒದ್ದಾಡುವವರನ್ನ ನೋಡಿದ್ದೀನಿ.

ಎರಡನೇ ದಾರಿ ಇಲ್ಲದೆ ಯಾರೂ ಎರಡು ಆಫೀಸು ಜೋಡಿಸಬಾರದು. ಮೊದಲು ವೈರ್ ಕತ್ತರಿಸಿದ್ರೆ ಇಂಟರ್ನೆಟ್ ಮಾತ್ರ ಹೋಗ್ತಿತ್ತು, ಈಗ ಲೆಕ್ಕವೇ ನಿಲ್ಲುತ್ತೆ. ಎರಡು ಕಂಪನಿಯ ಸಂಪರ್ಕ ತಗೊಂಡಿದ್ದೀವಿ ಅಂತ ಧೈರ್ಯದಿಂದ ಇರ್ತಾರೆ, ಎರಡೂ ಕೇಬಲ್ ರಸ್ತೆಯ ಒಂದೇ ಬದಿಯ ಒಂದೇ ಪೈಪಿನಲ್ಲಿ ಬಂದಿರ್ತವೆ. ಒಂದು ಜೆಸಿಬಿ, ಒಂದೇ ಏಟು. ಎರಡನೆಯದು ಮೊಬೈಲ್ ಸಿಮ್ ಮೇಲೆ ಇರಲಿ ಅಂದ್ರೆ ಅದೂ ಒಳ್ಳೆಯದೇ, ಆದ್ರೆ ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ದಿನ ಕೊಪ್ಪಳದಲ್ಲಿ ಫೋನ್ ಹಚ್ಚಿ ನೋಡಿದವರಿಗೆ ಗೊತ್ತು. ಲಕ್ಷಾಂತರ ಜನ ಒಂದೇ ಕಡೆ ಸೇರಿದಾಗ ಟವರ್ ಉಸಿರು ಬಿಡೋಕಾಗಲ್ಲ.

ಜೋಡಿಸಿದ್ರೆ ಕಾಯಿಲೆಯೂ ಜೋಡಣೆ ಆಗುತ್ತೆ

ಮಾಲೀಕರು ಕೇಳದೇ ಇರುವ, ನಾನು ಹೇಳದೇ ಬಿಡದಿರುವ ಮಾತು ಇದು. ಎರಡು ಜಾಲ ಸೇರಿಸಿದ ಕ್ಷಣ, ಆ ಕಡೆಯ ವೈರಸ್ ನಿಮ್ಮದೂ ಆಗುತ್ತೆ.

ಮ್ಯಾರಿಯಟ್ ಅಂತ ದೊಡ್ಡ ಹೋಟೆಲ್ ಕಂಪನಿ 2016ರಲ್ಲಿ ಸ್ಟಾರ್‌ವುಡ್ ಅನ್ನೋ ಇನ್ನೊಂದು ಹೋಟೆಲ್ ಕಂಪನಿಯನ್ನ ಕೊಂಡುಕೊಳ್ತು. ಸ್ಟಾರ್‌ವುಡ್‌ನ ಕಂಪ್ಯೂಟರ್‌ಗಳ ಒಳಗೆ ಕಳ್ಳರು 2014ರಿಂದಲೇ ಕೂತಿದ್ರು. ಪತ್ತೆ ಆಗಿದ್ದು 2018ರ ಸೆಪ್ಟೆಂಬರಿನಲ್ಲಿ. ಸುಮಾರು 33.9 ಕೋಟಿ ಅತಿಥಿ ದಾಖಲೆಗಳು ಇದರಲ್ಲಿ ಸಿಕ್ಕಿಬಿದ್ದವು ಅಂತ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಅಂದಾಜು ಮಾಡಿ, 2020ರಲ್ಲಿ 1.84 ಕೋಟಿ ಪೌಂಡ್ ದಂಡ ಹಾಕಿತು. ದಂಡ ಕಟ್ಟಿದ್ದು ಕೊಂಡುಕೊಂಡವರು.

ಅಷ್ಟು ದೂರ ಯಾಕೆ? 2024ರ ಜುಲೈ 31. ಸಿ-ಎಡ್ಜ್ ಅಂತ ಟಿಸಿಎಸ್ ಮತ್ತು ಎಸ್‌ಬಿಐನ ಜಂಟಿ ಸಂಸ್ಥೆ, ಸಹಕಾರಿ ಬ್ಯಾಂಕು, ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡೋದು. ಅಲ್ಲಿ ರ‍್ಯಾನ್ಸಮ್‌ವೇರ್ ಹೊಕ್ಕಿದೆ ಅಂತ ಗೊತ್ತಾದಾಗ, ಯುಪಿಐ ನಡೆಸುವ ಎನ್‌ಪಿಸಿಐ ಮಾಡಿದ ಮೊದಲ ಕೆಲಸ ಆ ಸಂಸ್ಥೆಯ ಸಂಪರ್ಕವನ್ನೇ ಕತ್ತರಿಸಿದ್ದು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ನಿಂತಿತು. ಮರುದಿನ ಮತ್ತೆ ಜೋಡಿಸಿದ್ರು. ಜನರಿಗೆ ತೊಂದರೆ ಆಯ್ತು, ನಿಜ. ಆದ್ರೆ ಕತ್ತರಿಸೋಕೆ ಒಂದು ಜಾಗ ಅಂತ ಇತ್ತಲ್ಲ, ಅದನ್ನ ಗಮನಿಸಿ. ತುಂಗಭದ್ರಾ ಎಡದಂಡೆ ಕಾಲುವೆ ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಉಪಕಾಲುವೆಗೆ ಗೇಟ್ ಇಲ್ಲದಿದ್ರೆ, ಒಡೆದಾಗ ನೀರು ನಿಲ್ಲಿಸೋದು ಎಲ್ಲಿ?

ಎರಡು ಆಫೀಸಿನ ನಡುವೆ ಆ ಗೇಟ್ ಅಂದ್ರೆ ಫೈರ್‌ವಾಲ್. ಮೊದಲ ದಿನ ಎಲ್ಲ ಮುಚ್ಚಿರಲಿ. ಲೆಕ್ಕದ ಸರ್ವರ್ ಬೇಕಾ, ಅದೊಂದನ್ನ ಬಿಡಿ. ಪ್ರಿಂಟರ್ ಬೇಕಾ, ಅದನ್ನ ಬಿಡಿ. ಸಿಸಿಟಿವಿ ಈ ಕಡೆಯವರಿಗೆ ಯಾಕೆ? ಬೇಡ. "ಎಲ್ಲಾ ಬಿಟ್ಟುಬಿಡ್ರಿ, ಆಮೇಲೆ ಒಂದೊಂದು ಮುಚ್ಚೋಣ" ಅನ್ನುವವರು ಬಹಳ, ಆ ಆಮೇಲೆ ಬರೋದನ್ನ ನಾನಂತೂ ನೋಡಿಲ್ಲ.

ಲಾಗಿನ್ ಹೆಸರುಗಳದ್ದೂ ಇದೇ ಹಾಡು. ಎರಡೂ ಕಡೆ "ಅಕೌಂಟ್ಸ್" ಅಂತ ಒಂದು ಹೆಸರಿರುತ್ತೆ, ನಾಲ್ಕು ಜನ ಬಳಸ್ತಿರ್ತಾರೆ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟವರ ಹೆಸರೂ ಜೀವಂತ ಇರುತ್ತೆ. ಜೋಡಣೆಗೆ ಮುಂಚೆ ಪಟ್ಟಿ ಹಿಡಿದು ಕೂತು ಸತ್ತ ಹೆಸರುಗಳನ್ನ ತೆಗೆಯೋದು ಒಂದು ಮಧ್ಯಾಹ್ನದ ಕೆಲಸ.

ಆ ರಾತ್ರಿ

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಒಂದೇ ವಾರಾಂತ್ಯದಲ್ಲಿ ಗ್ರಾಹಕರನ್ನೆಲ್ಲ ಹಳೇ ವ್ಯವಸ್ಥೆಯಿಂದ ಹೊಸ ಮಾಲೀಕರ ವ್ಯವಸ್ಥೆಗೆ ಸಾಗಿಸಿತು. ದತ್ತಾಂಶ ಸರಿಯಾಗೇ ಬಂತು, ಅದು ನಿಂತ ನೆಲ ಅಲುಗಾಡಿತು. ಶಾಖೆ, ಫೋನ್, ಆನ್‌ಲೈನ್ ಎಲ್ಲ ಕಡೆ ತೊಂದರೆ. ಪೂರ್ತಿ ಸರಿಹೋಗಲು ಡಿಸೆಂಬರ್ ಬಂತು. 2022ರಲ್ಲಿ ನಿಯಂತ್ರಕರು 4.86 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿದ್ರು. ಎಸ್‌ಬಿಐ ಅಂಥ ಅವಸರ ಮಾಡಲಿಲ್ಲ. 2017ರ ಏಪ್ರಿಲ್ 1ಕ್ಕೆ ಕಾಗದದ ಮೇಲೆ ಒಂದಾದ ಬ್ಯಾಂಕುಗಳ ದತ್ತಾಂಶವನ್ನ ನಂತರದ ವಾರಗಳಲ್ಲಿ ಹಂತ ಹಂತವಾಗಿ ಸೇರಿಸಿದ್ರು. ಯಲಬುರ್ಗಾದ ಅಣ್ಣ ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕಾನೂನಿಗೆ ಒಂದು ತಾರೀಖು ಸಾಕು. ತಂತಿಗೆ ಸಾವಿರ ಶಾಖೆಗಳ ಒಂದೊಂದು ಪ್ರಿಂಟರನ್ನೂ ಮುಟ್ಟಿ ಬರಬೇಕು, ಅಷ್ಟು ದಿನವೂ ಕೌಂಟರ್ ಮುಂದೆ ಜನ ನಿಂತಿರ್ತಾರೆ.

ಈಗ ಅವರ ಎರಡನೇ ಪ್ರಶ್ನೆ, ಎರಡು ಅಂಗಡಿ. ನಾನಾದ್ರೆ ಹೀಗೆ ಮಾಡ್ತೀನಿ. ಮೊದಲು ಒಂದು ನೋಟ್‌ಬುಕ್ ಹಿಡ್ಕೊಂಡು ಎರಡೂ ಕಡೆ ಓಡಾಡಿ, ನಂಬರ್ ಇರುವ ಪ್ರತಿ ಯಂತ್ರವನ್ನ ಬರ್ಕೊಳ್ಳಿ. ಆಮೇಲೆ 10ರಿಂದ ಶುರುವಾಗುವ ಗುಂಪು ತಗೊಂಡು ಊರಿಗೊಂದು ನಂಬರ್ ಕೊಡಿ. ಕೊಪ್ಪಳ 10.1, ಗಂಗಾವತಿ 10.2, ಕುಷ್ಟಗಿ 10.3, ಯಲಬುರ್ಗಾ 10.4. ಕೊಪ್ಪಳ, ಕುಷ್ಟಗಿಯಲ್ಲಿ ನಿಮ್ಮ ಅಂಗಡಿ ಇಲ್ಲ, ಗೊತ್ತು. ಸಾಲು ಖಾಲಿ ಇರಲಿ, ಎಸ್‌ಬಿಐನವರು 20 ಸಾವಿರ, 40 ಸಾವಿರ ಇಟ್ಟ ಹಾಗೆ. 192.168.1 ಅನ್ನ ಮಾತ್ರ ಮುಟ್ಟಬೇಡಿ, ಯಾಕಂದ್ರೆ ನಿಮ್ಮ ಮಗ ಮನೆಯಿಂದ ಆಫೀಸಿಗೆ ಲಾಗಿನ್ ಆಗುವಾಗ ಮನೆಯ ರೌಟರ್ ಅದೇ ನಂಬರಿನದಾಗಿರುತ್ತೆ, ಅದೇ 50ನೇ ನಂಬರಿನ ಜಗಳ ಮತ್ತೆ ಶುರು.

ನಿಮ್ಮ ಎರಡು ಅಂಗಡಿಗೆ ಲೀಸ್ಡ್ ಲೈನ್ ಖರ್ಚು ಬೇಡ. ಎರಡು ಕಡೆ ಒಂದೇ ಕಂಪನಿಯ ಫೈಬರ್, ವಿಪಿಎನ್ ಮಾಡಬಲ್ಲ ಎರಡು ಸಾಧಾರಣ ರೌಟರ್, ಒಂದೊಂದು ಸಿಮ್. ಲೆಕ್ಕ ಗಂಗಾವತಿಯಲ್ಲಿ ಓಡಲಿ, ಯಲಬುರ್ಗಾದಲ್ಲಿ ಪರದೆ ಕಾಣಲಿ. ಬಿಲ್ ಹಾಕುವ ಯಂತ್ರ ಮಾತ್ರ ಲೈನ್ ಇಲ್ಲದಿದ್ರೂ ಅಲ್ಲೇ ನಡೆಯುವ ಹಾಗಿರಲಿ. ಗಿರಾಕಿ ಎದುರು ನಿಂತಾಗ ಗಂಗಾವತಿ ಲೈನ್ ಕಾಯೋಕಾಗಲ್ಲ.

ದಿನ ಯಾವುದು ಅಂದ್ರೆ, ಮಾರ್ಚ್ ಕೊನೆ ಬೇಡ, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ವಾರ ಬೇಡ, ಭತ್ತದ ಸುಗ್ಗಿ ಬೇಡವೇ ಬೇಡ. ನಮ್ಮ ಕಡೆ ಅಮಾವಾಸ್ಯೆಗೆ ಹಮಾಲರು ಬರಲ್ಲ, ವಹಿವಾಟು ತಣ್ಣಗಿರುತ್ತೆ. ಆ ಸಂಜೆ ಶುರು ಮಾಡಿ. ರಾತ್ರಿ ಇಷ್ಟು ಗಂಟೆಯೊಳಗೆ ಆಗದಿದ್ರೆ ವಾಪಸ್ ಹಳೆಯದಕ್ಕೆ ಅಂತ ಮೊದಲೇ ಒಂದು ಹೊತ್ತು ಗೊತ್ತು ಮಾಡಿ, ಗೋಡೆ ಮೇಲೆ ಬರೆದಿಡಿ. ರಾತ್ರಿ 2ಕ್ಕೆ ನಿದ್ದೆಗಣ್ಣಲ್ಲಿ "ಇನ್ನೊಂದು ಐದು ನಿಮಿಷ" ಅಂತ ಎಲ್ಲರಿಗೂ ಅನ್ನಿಸುತ್ತೆ. ಹಳೇ ರೌಟರ್ ಬಿಚ್ಚಿದ ಮೇಲೆ ಗುಜರಿಗೆ ಹಾಕಬೇಡಿ, ಸೆಟ್ಟಿಂಗ್ ಅಳಿಸದೆ, ಮೇಲೆ ತಾರೀಖು ಬರೆದು ಒಂದು ತಿಂಗಳು ಕಪಾಟಿನಲ್ಲಿಡಿ.

ಅಷ್ಟು ಮಾಡಿ ನೋಡಿ, ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ ಇದೇ ಜಾಗಕ್ಕೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಸಿಟಿವಿ ಡಬ್ಬಗಳ ಪಾಸ್‌ವರ್ಡ್ ವಿಷಯ, ಕುಷ್ಟಗಿಯಿಂದ ಬಂದ ಪ್ರಶ್ನೆ.